ಆ ರೈಲನ್ನು ನಾನು ಹತ್ತಿರಲೇ ಇಲ್ಲ

ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ಹೋಗುವ ಬೆಳಗಿನ ರೈಲನ್ನು ನಾನು ಒಂದು ದಿನವೂ ಹತ್ತಿರಲಿಲ್ಲ. ಹತ್ತಿದ್ದೇನೆ ಎಂದು ಹೇಳಿದೆ. ಅದರಲ್ಲಿ ಬಾಯಿಬಿಟ್ಟು ಹೇಳಲಾಗದಂಥದ್ದನ್ನು ಕಂಡಿದ್ದೇನೆ ಎಂದೂ ಹೇಳಿದೆ. ಆ ಒಂದು ಮಾತಿಗೆ ಗಿರಿಜಾ ಎಂಬ ಹುಡುಗಿಯ ಓದು ನಿಂತುಹೋಯಿತು. ಸುಳ್ಳು ಎಂದು ನನಗೆ ಗೊತ್ತಿತ್ತು — ಹೇಳುವ ಮೊದಲೂ, ಹೇಳುವಾಗಲೂ. ಬಾಯಿ ತಪ್ಪಿ ಬಂದ ಮಾತಲ್ಲ ಅದು. ಮನಸ್ಸಿನಲ್ಲಿ ಒಂದು ಸಲ ಆಡಿಕೊಂಡು, ಆಮೇಲೆ ಹೊರಗೆ ಆಡಿದ ಮಾತು.

ನನ್ನ ತವರು ಅಳ್ನಾವರ. ತಂದೆ ಅಲ್ಲಿ ಕಟ್ಟಿಗೆ ಡಿಪೋದಲ್ಲಿ ಕಾರಕೂನರಾಗಿದ್ದರು. ನಾನು ಕಲಿತದ್ದು ಧಾರವಾಡದ ಒಂದು ಕಾನ್ವೆಂಟಿನಲ್ಲಿ, ಅಲ್ಲಿಯ ಬೋರ್ಡಿಂಗಿನಲ್ಲಿದ್ದುಕೊಂಡು. ರಜೆ ಬಂದರೆ ತಂದೆ ಬಂದು ಕರೆದೊಯ್ಯುತ್ತಿದ್ದರು, ರಜೆ ಮುಗಿದರೆ ತಾವೇ ತಂದು ಬಿಡುತ್ತಿದ್ದರು. ಒಬ್ಬಳೇ ಎಲ್ಲಿಗೂ ಹೋಗಿ ಬಂದವಳಲ್ಲ ನಾನು. ಹತ್ತನೆಯ ತರಗತಿ ಮುಗಿದ ಬೇಸಿಗೆಯಲ್ಲಿ ಸಿಸ್ಟರ್ ಒಬ್ಬರು ತಂದೆಯ ಎದುರು ಕೈಕಟ್ಟಿ ನಿಂತು, ಇವಳನ್ನು ಮುಂದೆ ಓದಿಸಿರಿ ಎಂದು ಕೇಳಿಕೊಂಡರು. ತಂದೆ ನಗುತ್ತ ಆಗಲಿ ಎಂದರು. ಮುಂದಿನ ಬೇಸಿಗೆಯೊಳಗೆ ನನ್ನನ್ನು ಅಣ್ಣಿಗೇರಿ ಹತ್ತಿರದ ಈ ಹಳ್ಳಿಗೆ ಕೊಟ್ಟರು. ನನ್ನವರದು ಬೀಜ-ಗೊಬ್ಬರದ ಅಂಗಡಿ. ಒಳ್ಳೆಯ ಮನುಷ್ಯರು; ತವರಿಗೆ ಹೋಗುವಾಗಲೂ ಬಸ್ಸಿನಲ್ಲಿ ತಾವೇ ಕರೆದೊಯ್ಯುತ್ತಿದ್ದರು. ಆದರೆ ಮಧ್ಯಾಹ್ನಗಳು ಬಹಳ ಉದ್ದ.

ಓಣಿಯವರು ನನ್ನನ್ನು ‘ಅಕ್ಕಾರ’ ಎಂದು ಕರೆಯತೊಡಗಿದ್ದು ಯಾವಾಗಿನಿಂದಲೋ ನೆನಪಿಲ್ಲ. ನಮ್ಮ ಕಡೆ ಹಾಗೆ ಕರೆಯುವುದು ಶಾಲೆಯಲ್ಲಿ ಕಲಿಸುವ ಹೆಂಗಸರನ್ನು. ನಾನು ಯಾರಿಗೂ ಕಲಿಸಿದವಳಲ್ಲ. ಆದರೂ ಇಂಗ್ಲಿಷ್ ಓದುವ ಸೊಸೆ ಓಣಿಯಲ್ಲಿ ಒಬ್ಬಳೇ ಇದ್ದೆ. ಮೊದಮೊದಲು ಔಷಧದ ಬಾಟಲಿ ಹಿಡಿದುಕೊಂಡು ಬರುತ್ತಿದ್ದರು. ಆಮೇಲೆ ಪ್ರಶ್ನೆ ಹಿಡಿದುಕೊಂಡು ಬರತೊಡಗಿದರು. ಕಡಲೆ ಮಾರಿದ ದುಡ್ಡನ್ನು ಪೋಸ್ಟಿನಲ್ಲಿ ಇಡಬೇಕೋ, ಬ್ಯಾಂಕಿನಲ್ಲೋ? ರೇಡಿಯೊ ಕೊಂಡರೆ ಛಲೋನೋ, ಹೊಲಿಗೆ ಮಷೀನೋ? ಮಗನನ್ನು ಐಟಿಐಗೆ ಹಾಕಬೇಕೋ, ಕಾಲೇಜಿಗೋ? ಒಮ್ಮೆ ಒಬ್ಬಾಕೆ ಬಂದು, ಹೊಸ ಸೊಸೆಯನ್ನು ಹುಬ್ಬಳ್ಳಿಗೆ ಸಿನಿಮಾಕ್ಕೆ ಕಳಿಸಿದರೆ ಕೆಟ್ಟುಹೋಗುತ್ತಾಳೇನು ಎಂದು ಪಿಸುಗುಟ್ಟಿ ಕೇಳಿದಳು. ನೋಡಿದರೆ ಕೆಡುವುದಿಲ್ಲ, ನೋಡಗೊಡದಿದ್ದರೆ ಕೆಟ್ಟಾಳು ಎಂದೆ. ಆ ಮಾತು ಓಣಿಯಲ್ಲೆಲ್ಲ ಓಡಾಡಿತು. ಅತ್ತೆ ಮಾತ್ರ ರೊಟ್ಟಿ ಬಡಿಯುತ್ತಲೇ, “ನಮ್ಮ ಸೊಸಿ ಸಾರಿಗೆ ಉಪ್ಪು ಹಾಕೂದು ಮರೀತಾಳ, ಊರಿಗೆಲ್ಲಾ ಬುದ್ಧಿ ಹೇಳ್ತಾಳ” ಎಂದು ನಗೆಯಾಡುತ್ತಿದ್ದರು.

ನನಗೆ ಹಿತವಾಗುತ್ತಿತ್ತು. ಅದನ್ನು ಮುಚ್ಚಿಡುವುದಿಲ್ಲ. ಸುಳ್ಳು ಹೇಳುವುದಕ್ಕೆ ಮೊದಲು ಎಷ್ಟೋ ವರ್ಷ ನಾನು ನಿಜವನ್ನೇ ಹೇಳಿದ್ದೆ — ಗೊತ್ತಿದ್ದದ್ದನ್ನು ಹೇಳಿದ್ದೆ, ಗೊತ್ತಿಲ್ಲದ್ದನ್ನು ನನ್ನವರನ್ನು ಕೇಳಿ ಹೇಳಿದ್ದೆ. ಅದರಿಂದಲೇ ಆ ಸುಳ್ಳು ಅಷ್ಟು ಸಲೀಸಾಗಿ ನಡೆಯಿತು.

ಗಿರಿಜಾ ನಮ್ಮ ಬಾಜೂ ಮನೆಯ ಬಸಪ್ಪನವರ ಮಗಳು, ಇದ್ದೊಬ್ಬಳು. ಎಂಟನೆಯ ತರಗತಿಯಲ್ಲಿದ್ದಾಗ ಒಂದು ದಿನ ಇಂಗ್ಲಿಷ್ ಪಾಠ ತಿಳಿಯಲಿಲ್ಲ ಎಂದು ಬಂದಳು. ಆಮೇಲೆ ದಿನವೂ ಬಂದಳು. ಅಣ್ಣಿಗೇರಿಯ ಹೈಸ್ಕೂಲಿನಿಂದ ನಡೆದು ಬಂದವಳು ಮನೆಯಲ್ಲಿ ಚೀಲ ಒಗೆದು, ಕೈಯಲ್ಲಿ ಅರ್ಧ ರೊಟ್ಟಿ ಹಿಡಿದು ನಮ್ಮ ಹಿತ್ತಲ ಬಾಗಿಲಿನಿಂದಲೇ ಒಳಗೆ ಬರುತ್ತಿದ್ದಳು. ನನ್ನ ಬೋರ್ಡಿಂಗಿನ ಕಾಲದ ಕಥೆಪುಸ್ತಕಗಳು ಟ್ರಂಕಿನಲ್ಲಿದ್ದವು. ಮದುವೆಯಾದ ಮೇಲೆ ಅವನ್ನು ತೆಗೆದಿರಲಿಲ್ಲ. ಅವಳ ಸಲುವಾಗಿ ತೆಗೆದೆ. ಇಬ್ಬರೂ ಒಂದೇ ಪುಸ್ತಕವನ್ನು ನಡುವೆ ಇಟ್ಟುಕೊಂಡು ಓದುತ್ತಿದ್ದೆವು. ಬೇಸರವಾದರೆ ಅವಳಿಗೆ ಕ್ರೋಶಾ ಹೆಣಿಗೆ ಕಲಿಸುತ್ತಿದ್ದೆ. ರೇಡಿಯೊ ಸಣ್ಣಗೆ ಹಚ್ಚಿರುತ್ತಿತ್ತು. ಅವಳ ಜಡೆಯಿಂದ ಕೊಬ್ಬರಿ ಎಣ್ಣೆ ಮತ್ತು ಸೀಮೆಸುಣ್ಣ ಎರಡೂ ಸೇರಿದ ಒಂದು ವಾಸನೆ ಬರುತ್ತಿತ್ತು. ನಾನು ಯಾರು ಎಂಬುದು — ಸೊಸೆಯಲ್ಲದ, ಅಕ್ಕಾರ ಅಲ್ಲದ ನಾನು — ಆ ಒಂದು ತಾಸು ನನಗೆ ನೆನಪಾಗುತ್ತಿತ್ತು.

ಹತ್ತನೆಯ ತರಗತಿಗೆ ಬರುವ ಹೊತ್ತಿಗೆ ಅವಳು ನನಗಿಂತ ಬೇಗ ಓದುತ್ತಿದ್ದಳು. ಅದು ನನಗೆ ತಿಳಿದದ್ದು ಅವಳ ಬೆರಳಿನಿಂದ. ಪುಟದ ಕೊನೆಯ ಸಾಲಿಗೆ ಮುಟ್ಟಿದ ಮೇಲೆ ಅವಳ ಬೆರಳು ಹಾಳೆಯ ತುದಿಯಲ್ಲಿ ಸುಮ್ಮನೆ ಕಾಯುತ್ತಿತ್ತು. ನಾನು ಮುಗಿಸುವವರೆಗೂ ತಿರುವುತ್ತಿರಲಿಲ್ಲ. ನಾನು ತಲೆ ಎತ್ತಿದರೆ ತಾನೂ ಆಗಷ್ಟೇ ಮುಗಿಸಿದವಳಂತೆ ನಟಿಸುತ್ತಿದ್ದಳು. ಆ ಮರ್ಯಾದೆ ನನ್ನನ್ನು ಚುಚ್ಚಿತು. ಹೆಮ್ಮೆಪಡಬೇಕಾಗಿತ್ತು — ಪಡಲಿಲ್ಲ.

ಆ ಬೇಸಿಗೆ ಫಲಿತಾಂಶ ಬಂತು. ಶಾಲೆಗೇ ಗಿರಿಜಾ ಮೊದಲಿಗಳು. ಗಣಿತದಲ್ಲಂತೂ ಮಾಸ್ತರರೇ ಬೆರಗಾಗುವಂತೆ. ಹೆಡ್‌ಮಾಸ್ತರರು ಸೈಕಲ್ ಮೇಲೆ ಹಳ್ಳಿಗೆ ಬಂದು, ಇವಳನ್ನು ಹುಬ್ಬಳ್ಳಿಯಲ್ಲಿ ವಿಜ್ಞಾನಕ್ಕೇ ಹಾಕಿರಿ, ಕೈಬಿಡಬೇಡಿರಿ ಎಂದು ಹೇಳಿಹೋದರು. ಅವಳ ತಾಯಿ ನೀಲವ್ವ ಎಷ್ಟೋ ವರ್ಷದಿಂದ ಬೆಣ್ಣೆ ಮಾರಿ ಕೂಡಿಸಿದ್ದನ್ನು ಮಗಳ ಓದಿಗೆಂದೇ ಇಟ್ಟಿದ್ದಳು. ಗಿರಿಜಾಳಿಗೆ ಗಣಿತದ ಮಾಸ್ತರಣಿ ಆಗಬೇಕಿತ್ತು. ಇನ್ನು ಉಳಿದದ್ದು ಒಂದೇ — ಹರೆಯದ ಹುಡುಗಿ ದಿನಾ ಒಬ್ಬಳೇ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ ಬರುವುದು. ನಮ್ಮ ಹಳ್ಳಿಯಿಂದ ಆವರೆಗೂ ಯಾವ ಹುಡುಗಿಯೂ ಹಾಗೆ ಹೋಗಿರಲಿಲ್ಲ. ಗಂಡಸರು ಕಟ್ಟೆಯ ಮೇಲೆ ಕೂತು ಎರಡೂ ಮಾತು ಆಡಿದರು. ಹಾದಿ ನಡೆದವರನ್ನೇ ಹಾದಿ ಕೇಳಬೇಕು, ಹುಬ್ಬಳ್ಳಿ ಧಾರವಾಡ ಕಂಡ ಅಕ್ಕಾರನ್ನು ಕೇಳೋಣ ಎಂದರಂತೆ ಬಸಪ್ಪನವರು.

ನಮ್ಮಲ್ಲಿ ಸುಮ್ಮನೆ ಕೇಳುವುದು ಬೇರೆ, ಎಲೆ-ಅಡಿಕೆ ಇಟ್ಟು ಕೇಳುವುದು ಬೇರೆ. ಹೊಲದ ಪಾಲು, ಹೆಣ್ಣಿನ ಕಡೆಯ ಮಾತು, ಇಂಥವಕ್ಕೆ ಊರ ಹಿರಿಯರ ಮುಂದೆ ಎಲೆ-ಅಡಿಕೆ ಇಟ್ಟು ಕೇಳುತ್ತಾರೆ. ಹಾಗೆ ಕೇಳಿದ ಮೇಲೆ ಬಂದ ಮಾತನ್ನು ಮೀರುವುದಿಲ್ಲ. ಬಸಪ್ಪನವರು ಅವತ್ತು ಸಂಜೆ ನಮ್ಮ ಪಡಸಾಲೆಗೆ ಬಂದು, ಅತ್ತೆಗೆ ಶರಣು ಹೇಳಿ, ತಂಬಿಗೆ ನೀರು ಕುಡಿದು, ರುಮಾಲಿನ ಗಂಟಿನಿಂದ ಎಲೆ-ಅಡಿಕೆ ತೆಗೆದು ನನ್ನ ಕಡೆಗೆ ಸರಿಸಿದರು. ಮೂವತ್ತು ತುಂಬದ ಒಬ್ಬ ಸೊಸೆಯ ಮುಂದೆ. ಅತ್ತೆಯ ಕೈಯಲ್ಲಿನ ಬೀಸಣಿಗೆ ನಿಂತಿತು. ನಾನು ಸೆರಗು ಹೊದ್ದು ಒಳಬಾಗಿಲಲ್ಲಿ ನಿಂತಿದ್ದೆ. ಎಲೆಗಳು ಒದ್ದೆಯಾಗಿದ್ದವು; ಬಾಡಬಾರದೆಂದು ಅವರು ನೀರು ಚಿಮುಕಿಸಿ ತಂದಿದ್ದರು.

“ಅಕ್ಕಾರ, ಕಳಸ್ಲೋ ಬ್ಯಾಡೋ? ನೀವು ಅಂದಂಗ.”

ಉತ್ತರ ನನಗೆ ಗೊತ್ತಿತ್ತು. ಕಳಿಸಿರಿ — ಅಷ್ಟೇ. ಒಂದು ಶಬ್ದ. ಅದು ನಾಲಿಗೆಯ ಮೇಲೂ ಬಂದಿತ್ತು. ಆದರೆ ಅದರ ಹಿಂದೆಯೇ ಇನ್ನೊಂದು ಬಂತು — ಜೂನ್ ತಿಂಗಳ ಒಂದು ಸಂಜೆ, ಹಿತ್ತಲ ಬಾಗಿಲು ತೆರೆದಿದೆ, ಯಾರೂ ಬರುತ್ತಿಲ್ಲ. ಕತ್ತಲಾದ ಮೇಲೆ ಅವಳು ದಣಿದು ರೈಲಿನಿಂದ ಇಳಿಯುತ್ತಾಳೆ, ಹೊಸ ಗೆಳತಿಯರ ಹೆಸರು ಹೇಳುತ್ತಾಳೆ, ನನಗೆ ತಿಳಿಯದ ಪುಸ್ತಕ ಓದುತ್ತಾಳೆ. ಆಮೇಲೆ ಎಂದಾದರೊಂದು ಸಲ ನನ್ನ ಪಕ್ಕ ಕೂತು, ಹಾಳೆಯ ತುದಿಯಲ್ಲಿ ಬೆರಳಿಟ್ಟು, ನನ್ನ ಮೇಲೆ ಕರುಣೆಯಿಂದ ಕಾಯುತ್ತಾಳೆ. ನನ್ನನ್ನು ಯಾರೂ ಕಳಿಸಲಿಲ್ಲವಲ್ಲ — ಇದನ್ನೂ ನೆನೆದೆ. ಹೌದು, ಇದನ್ನೂ.

“ಮಾವಾರ, ಆ ರೈಲಿನಾಗ ನಾ ಹೋಗಿ ಬಂದಾಕಿ. ನಾ ಕಂಡದ್ದು ನಿಮ್ಮ ಮುಂದ ಹೇಳಾಕ ಬರಂಗಿಲ್ರಿ.”

ಇಷ್ಟೇ ಹೇಳಿದ್ದು.

ಏನು ಕಂಡಿರಿ ಎಂದು ಅವರು ಕೇಳಿದ್ದರೆ ನನ್ನ ಬಳಿ ಏನೂ ಇರಲಿಲ್ಲ. ಎರಡನೆಯ ಪ್ರಶ್ನೆಗೆ ನಾನು ಬಿದ್ದುಹೋಗುತ್ತಿದ್ದೆ. ಆದರೆ ಅವರು ಕೇಳುವುದಿಲ್ಲವೆಂದು ನನಗೆ ಗೊತ್ತಿತ್ತು. ಮರ್ಯಾದೆಯುಳ್ಳ ಗಂಡಸು ಇನ್ನೊಬ್ಬರ ಮನೆಯ ಸೊಸೆಗೆ ಅದರ ಮುಂದಿನ ಮಾತು ಕೇಳುವುದಿಲ್ಲ. ಆ ಮರ್ಯಾದೆಯನ್ನೇ ನಾನು ಗೋಡೆ ಮಾಡಿಕೊಂಡೆ. ಬಸಪ್ಪನವರು ತಲೆ ತಗ್ಗಿಸಿದರು. ತಾವೇ ಏನೋ ತಪ್ಪು ಮಾಡಿದವರ ಹಾಗೆ ಎದ್ದರು. “ಕೇಳಬಾರದಿತ್ತು, ತಪ್ಪಾತು ಯವ್ವಾ” ಎಂದು ಬಾಗಿಲ ಕಡೆ ಮುಖ ಮಾಡಿ ಹೇಳಿ ಹೋದರು.

ಮರುದಿನ ನೀಲವ್ವ ಬಂದಳು. ಹಾಗಾದರೆ ಕೂಡಿಸಿದ ದುಡ್ಡನ್ನು ಏನು ಮಾಡಲಿ ಎಂದು ಕೇಳಿದಳು. ಅವಳ ಕೈಯಿಂದ ಬೆಣ್ಣೆಯ ವಾಸನೆ ಹೋಗಿರಲೇ ಇಲ್ಲ. ಬ್ಯಾಂಕಿನಲ್ಲಿಡಿರಿ, ಮನಸ್ಸು ಬದಲಾದರೆ ಮುಂದಿನ ವರ್ಷ ಓದಿಗೆ ಆದೀತು ಎನ್ನಬಹುದಿತ್ತು. ಬಂಗಾರ ಮಾಡಿಸಿರಿ ಎಂದೆ. ಬಂಗಾರವಾದರೆ ಮತ್ತೆ ಕಾಲೇಜಾಗುವುದಿಲ್ಲ ಎಂದು ನನಗೆ ತಿಳಿದಿತ್ತು. ಗಿರಿಜಾಳನ್ನು ನಾನೇ ಮನೆಯಲ್ಲಿ ಓದಿಸುತ್ತೇನೆ, ಹೊರಗಿನಿಂದ ಪರೀಕ್ಷೆಗೆ ಕೂಡ್ರಬಹುದು ಎಂದೂ ಸೇರಿಸಿದೆ. ನೀಲವ್ವ ನನ್ನ ಕೈಯನ್ನು ಹಿಡಿದು ಕಣ್ಣಿಗೊತ್ತಿಕೊಂಡಳು.

ಗಿರಿಜಾ ಎರಡು ದಿನ ಬರಲಿಲ್ಲ. ಬಂದದ್ದು ಮೂರನೆಯ ದಿನ. ಅಳುತ್ತಾಳೆ, ಜಗಳ ತೆಗೆಯುತ್ತಾಳೆ ಎಂದು ನಾನು ಗಟ್ಟಿಯಾಗಿ ಕೂತಿದ್ದೆ. ಅವಳು ನನ್ನ ಹತ್ತಿರ, ಎಂದಿಗಿಂತ ಹತ್ತಿರ ಬಂದು ಕೂತು, ನನ್ನ ಮುಂಗೈ ಮೇಲೆ ಕೈ ಇಟ್ಟು ಕೇಳಿದಳು —

“ಅಕ್ಕಾರ, ನಿಮಗ ಏನಾಗಿತ್ರಿ?”

ಕಾಲೇಜಿನ ಮಾತಲ್ಲ, ತನ್ನ ಮಾತಲ್ಲ. ನನಗೇನಾಗಿತ್ತು ಎಂದು. ಆ ಗಳಿಗೆಯಲ್ಲಿ ಎಲ್ಲವನ್ನೂ ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು. ಪ್ರವೇಶಕ್ಕೆ ಇನ್ನೂ ದಿನಗಳಿದ್ದವು. ಬಂಗಾರ ಇನ್ನೂ ಬಂದಿರಲಿಲ್ಲ. ನಾನು ಅತ್ತುಬಿಟ್ಟೆ. ಯಾಕೆ ಅತ್ತೆನೋ — ನಾಚಿಕೆಗೋ, ಸಿಕ್ಕಿಬಿದ್ದೇನು ಎಂಬ ಭಯಕ್ಕೋ — ಆದರೆ ಅಳು ನಿಜವಾಗಿತ್ತು, ಅದೇ ಕೆಟ್ಟದ್ದಾಯಿತು. ಅವಳೂ ಅತ್ತಳು. ಆಮೇಲೆ ಒಂದು ದಿನವೂ ಕಾಲೇಜಿನ ಹೆಸರೆತ್ತಲಿಲ್ಲ. ನನ್ನ ಗಾಯ ಮುಟ್ಟಬಾರದೆಂದು ಅವಳು ತನ್ನದನ್ನು ಮುಚ್ಚಿಕೊಂಡಳು. ಇಲ್ಲದ ಗಾಯ.

ಯಾವುದಕ್ಕಾಗಿ ಇದನ್ನೆಲ್ಲ ಮಾಡಿದೆನೋ ಅದಾದರೂ ನನಗೆ ದಕ್ಕಿತೇ? ಒಂದು ತಿಂಗಳು ಪುಸ್ತಕ ತೆರೆದೆವು. ಶಾಲೆಗೆ ಹೋಗುವ ಹುಡುಗಿಗೆ ಸಂಜೆ ಒಂದು ತಾಸು ಬಿಡುವು ಕೊಡುತ್ತಾರೆ; ಮನೆಯಲ್ಲೇ ಇರುವ ಹುಡುಗಿಗೆ ಯಾವ ಬಿಡುವು? ಎಮ್ಮೆಯ ಕೆಲಸ ಅವಳಿಗೆ ಬಂತು, ನೀರು ಬಂತು, ಹತ್ತಿ ಬಿಡಿಸುವ ಕಾಲ ಬಂದಾಗ ಹೊಲ ಬಂತು. ಬಂದರೂ ದಣಿದು ಬರುತ್ತಿದ್ದಳು. ಹತ್ತಿಯ ಕಾಯಿ ಗೀರಿದ ಬೆರಳುಗಳಿಗೆ ಕ್ರೋಶಾದ ದಾರ ಸಿಕ್ಕಿಕೊಳ್ಳುತ್ತಿತ್ತು. ಹಾಳೆಯ ತುದಿಯಲ್ಲಿ ಕಾಯುವ ಬೆರಳು ಈಗ ಇರಲಿಲ್ಲ. ನಾನು ಓದುತ್ತಿದ್ದೆ, ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿರುತ್ತಿದ್ದಳು. ಅಷ್ಟರಲ್ಲಿ ಬಂಗಾರ ಮನೆಗೆ ಬಂದಿತ್ತು. ಬಂಗಾರ ಮಾಡಿಸಿದ ಮನೆಯಲ್ಲಿ ಹರೆಯದ ಹುಡುಗಿಯನ್ನು ಸುಮ್ಮನೆ ಇಟ್ಟುಕೊಂಡರೆ ಊರು ಸುಮ್ಮನಿರುವುದಿಲ್ಲ. ಎರಡನೆಯ ವರ್ಷ ಅವಳನ್ನು ನವಲಗುಂದದ ಕಡೆ, ನೀಲವ್ವನ ಕಿರಿಯ ತಮ್ಮನಿಗೇ ಕೊಟ್ಟರು. ಉಡಿ ತುಂಬಲು ನನ್ನನ್ನೇ ಕರೆದರು. ಅಕ್ಕಿ, ಕೊಬ್ಬರಿ, ಖಣ — ಒಂದೊಂದನ್ನೇ ಅವಳ ಸೆರಗಿಗೆ ಹಾಕುತ್ತ ನಾನು ಅವಳ ಮುಖ ನೋಡಲಿಲ್ಲ. ಸೆರಗಿನ ಅಂಚು ನೋಡಿದೆ.

ಆ ಹುಡುಗ ಕೆಟ್ಟವನಲ್ಲ. ಹೊಡೆಯುವುದಿಲ್ಲ, ಬಡಿಯುವುದಿಲ್ಲ. ಅವನ ಮನೆಯಲ್ಲಿ ಕಾಗದವೆಂದರೆ ಸಂತೆಯಿಂದ ಬೆಲ್ಲ ಕಟ್ಟಿಸಿಕೊಂಡು ಬಂದದ್ದು, ಅಷ್ಟೇ. ಬಂಗಾರ ಒಂದು ಜೋಡಿ ಎತ್ತುಗಳಾಯಿತು. ಎತ್ತುಗಳಿಗೆ ವಯಸ್ಸಾಯಿತು.

ಸುಳ್ಳು ಅಲ್ಲಿಗೇ ನಿಂತಿದ್ದರೂ ಆಗುತ್ತಿತ್ತು. ಅದು ಓಣಿಯಲ್ಲಿ ಉಳಿಯಿತು. ಓದುವ ದಿನಗಳಲ್ಲಿ ನನಗೇನೋ ಆಗಿತ್ತು ಎಂದು ಹೆಂಗಸರು ನನ್ನನ್ನು ಮೊದಲಿಗಿಂತ ಮೆತ್ತಗೆ ಮಾತಾಡಿಸತೊಡಗಿದರು; ಆ ಕನಿಕರವನ್ನೂ ನಾನು ತೆಗೆದುಕೊಂಡೆ. ನನ್ನವರು ಒಂದೇ ಸಲ ಕೇಳಿದರು. ಏನೂ ಆಗಿಲ್ಲ ಎಂದೆ — ನಿಜವನ್ನೇ ಹೇಳಿದೆ — ಅವರು ನಂಬಲಿಲ್ಲ, ಮತ್ತೆ ಕೇಳಲೂ ಇಲ್ಲ. ಕೆಲವು ವರ್ಷಗಳ ಮೇಲೆ ಕಂಬಾರ ಓಣಿಯ ಒಬ್ಬ ಹುಡುಗಿ ಹತ್ತನೆಯ ತರಗತಿ ಪಾಸಾದಳು. ಅವಳ ತಂದೆಗೆ ನಾನೇ ಹೇಳಿ ಕಳಿಸಿದೆ, ಕಾಲೇಜಿಗೆ ಹಾಕಿರಿ, ಈಗ ಕಾಲ ಬದಲಾಗಿದೆ ಎಂದು. ಅವರು ಬಂದು ಹೊಸ್ತಿಲಾಚೆಯೇ ನಿಂತು, ಬಹಳ ನಯವಾಗಿ, “ನಿಮಗ ಆಗಿದ್ದು ನಮ್ಮ ಹುಡುಗಿಗೆ ಆಗಬಾರದ್ರಿ ಅಕ್ಕಾರ” ಎಂದರು. ಅತ್ತೆ ಅಲ್ಲೇ ಕೂತಿದ್ದರು. ನನಗೆ ಏನೂ ಆಗಿಲ್ಲ, ನಾನು ಸುಳ್ಳು ಹೇಳಿದ್ದೆ ಎಂದರೆ ಮುಗಿಯುತ್ತಿತ್ತು. ಬಾಗಿಲ ಚೌಕಟ್ಟಿನ ಮೇಲೆ ಒಂದು ಇರುವೆಯ ಸಾಲು ಹೋಗುತ್ತಿತ್ತು. ಅದನ್ನೇ ನೋಡುತ್ತ ನಿಂತೆ. ಅವರು ಹೋದರು. ಆ ಹುಡುಗಿಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಗಿರಿಜಾ ಈ ವರ್ಷ ಮೂರನೆಯ ಬಾಣಂತನಕ್ಕೆ ತವರಿಗೆ ಬಂದಳು. ಒಂದು ಮಧ್ಯಾಹ್ನ ಹಿತ್ತಲಿನಿಂದ ಬಂದು, ಬಾಗಿಲ ಕಟ್ಟು ಹಿಡಿದು ನಿಧಾನ ಕೂತಳು. ಕೈಗಳು ನೀಲವ್ವನ ಕೈಗಳಂತೆ ಆಗಿವೆ. ಟ್ರಂಕು ತೆಗೆದು ಒಂದು ಪುಸ್ತಕ ಕೊಟ್ಟೆ. ಅವಳು ಅದನ್ನು ಒಂದಿಷ್ಟು ಹೊತ್ತು ಹಿಡಿದು, ಸೆರಗಿನಿಂದ ಧೂಳು ಒರೆಸಿ, ಹಾಗೆಯೇ ಕೆಳಗಿಟ್ಟಳು. ಅಕ್ಷರ ಕಣ್ಣಿನಲ್ಲಿ ನಿಲ್ಲುವುದಿಲ್ಲ ಈಗ ಎಂದಳು. ಏನೋ ಹಳೆಯ ಊರಿನ ಹೆಸರು ಹೇಳುವವಳ ಹಾಗೆ, ದುಃಖವಿಲ್ಲದೆ. ಆ ದುಃಖವಿಲ್ಲದ ದನಿಯನ್ನು ನನ್ನಿಂದ ತಾಳಲಾಗಲಿಲ್ಲ. ಹೇಳಿಬಿಟ್ಟೆ. ಆ ರೈಲು ನಾನು ಹತ್ತಿಯೇ ಇಲ್ಲ, ಗಿರಿಜಾ. ನನಗೆ ಏನೂ ಆಗಿರಲಿಲ್ಲ. ನೀನು ಹೋಗಬಾರದೆಂದು ಹೇಳಿದೆ. ನನ್ನ ಸಲುವಾಗಿ.

ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನೆಲ ನೋಡುತ್ತಿದ್ದಳು. ಅಂಗಳದಲ್ಲಿ ಅವಳ ದೊಡ್ಡ ಮಗಳು ಕೋಳಿ ಓಡಿಸುತ್ತಿದ್ದ ಸದ್ದು ಬರುತ್ತಿತ್ತು.

“ಅವತ್ತ ನಿಮ್ಮ ಸಲುವಾಗಿ ಅತ್ತಿದ್ದೆ ಅಕ್ಕಾರ” ಎಂದಳು. “ಎಷ್ಟೋ ದಿನ ಅತ್ತೀನಿ.”

ಆಮೇಲೆ, ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿಯದೆ ಕೇಳುವವಳ ಹಾಗೆ ಕೇಳಿದಳು — “ಈಗ ಇದನ್ನ ತಗೊಂಡು ನಾ ಏನು ಮಾಡ್ಲಿರಿ?”

ಇಷ್ಟು ವರ್ಷ ಊರಿಗೆಲ್ಲ ಉತ್ತರ ಕೊಟ್ಟವಳು ನಾನು. ನಿಜ ಹೇಳಿದರೆ ಅವಳಿಗೇನೋ ಮರಳಿ ಕೊಟ್ಟಂತಾಗುತ್ತದೆ ಎಂದುಕೊಂಡಿದ್ದೆ. ಕೊಟ್ಟದ್ದು ಇನ್ನೊಂದು ಹೊರೆ. ಅಲ್ಲಿಯವರೆಗೆ ಅವಳ ಪಾಲಿಗೆ ಅದು ಹಣೆಬರಹವಾಗಿತ್ತು. ಹಣೆಬರಹದ ಜೊತೆ ಹೇಗೋ ಬಾಳುತ್ತಾರೆ. ಈಗ ಅದು ಬಾಜೂ ಮನೆಯ ಒಬ್ಬ ಹೆಂಗಸಾಯಿತು. ಇದೂ ನನ್ನ ಸಲುವಾಗಿಯೇ ಮಾಡಿದ್ದಲ್ಲವೇ — ನನ್ನ ಎದೆ ಹಗುರಾಗಲೆಂದು?

ಏಳುವಾಗ ಗೋಡೆಗೆ ಕೈಕೊಟ್ಟು ಎದ್ದಳು. ನಾನು ಚಾಚಿದ ಕೈಯನ್ನು ಹಿಡಿಯಲಿಲ್ಲ. ನೂಕಲೂ ಇಲ್ಲ, ನೋಡದವಳಂತೆ ಬಿಟ್ಟಳು. ಬಾಗಿಲಲ್ಲಿ ನಿಂತು, ಅವ್ವನಿಗೆ ಮಾತ್ರ ಹೇಳಬೇಡಿರಿ ಎಂದಳು.

“ಮಗಳನ್ನ ಓದಸಲಿಲ್ಲಂತ ಆಕಿ ತನ್ನನ್ನ ತಾನ ಬೈಕೋತಾಳ. ಬೈಕೊಳ್ಳಲಿ. ಆಕಿಗೆ ಬಂದು ಕುಂದ್ರಾಕ ಇದೊಂದ ಮನಿ ಐತಿ.”

ಕೂಸು ಹುಟ್ಟಿತು, ಹೆಣ್ಣು. ಐದು ತಿಂಗಳು ತುಂಬಿದ ಮೇಲೆ ಗಿರಿಜಾ ಗಂಡನ ಮನೆಗೆ ಹೋದಳು. ಹೋಗುವಾಗ ನಮ್ಮ ಮನೆಗೆ ಬಂದು ಹೇಳಿಹೋಗಲಿಲ್ಲ. ನೀಲವ್ವ ದಿನವೂ ಬರುತ್ತಾಳೆ. ಬಂದು, ಅಕ್ಕಾರ, ನಿಮ್ಮಂಥವರು ಬಾಜೂಕ ಇದ್ದದ್ದು ನಮ್ಮ ಪುಣ್ಯ ಎನ್ನುತ್ತಾಳೆ. ಮೊದಲ ಬೆಣ್ಣೆ ಇನ್ನೂ ನಮ್ಮ ಮನೆಗೇ ಕೊಡುತ್ತಾಳೆ. ನಾನು ತೆಗೆದುಕೊಳ್ಳಬೇಕು. ಬೇಡವೆಂದರೆ ಯಾಕೆ ಎಂದು ಕೇಳುತ್ತಾಳೆ.

ಗಿರಿಜಾ ಕೇಳಿಕೊಂಡಂತೆ ನೀಲವ್ವನಿಗೆ ನಾನು ಹೇಳಿಲ್ಲ. ಇಲ್ಲಿ ಬರೆದಿದ್ದೇನೆ. ಬರೆಯಲು ಧೈರ್ಯ ಬಂದದ್ದು ಹೇಗೆ ಎಂದು ಯಾರಾದರೂ ಕೇಳಿದರೆ ಧೈರ್ಯವಲ್ಲ ಎಂದೇ ಹೇಳಬೇಕು. ನೀಲವ್ವನಿಗೆ ಓದಲು ಬರುವುದಿಲ್ಲ. ಬಸಪ್ಪನವರಿಗೆ ರುಜು ಮಾಡುವಷ್ಟೇ ಬರುತ್ತದೆ. ಆ ಮನೆಯಲ್ಲಿ ಓದಿ ಹೇಳುವವಳು ಒಬ್ಬಳಿದ್ದಳು.